ನೋಡಿದ್ದು, ಕೇಳಿದ್ದು

ಹಾಡುಹಗಲಲ್ಲಿ ಕತ್ತಲೆ ಮಾಡುವುದು ಸುಲಭದ ಕೆಲಸವಲ್ಲ. ಯುದ್ಧದ ಕಾಲದಲ್ಲಿ ನಾನು ಹೊಳೆನರಸೀಪುರದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಉಪಾಧ್ಯಾಯಿನಿಯಾಗಿದ್ದೆ. ಸರ್ಕಾರದ ಸಿನಿಮಾ ವ್ಯಾನು ಬಂದಾಗಲೆಲ್ಲ ಕಿಟಕಿಗಳಿಗೆ ಕಂಬಳಿ ಕಟ್ಟಿಸುವ ಕೆಲಸ ನನ್ನ ತಲೆಗೇ ಬರುತ್ತಿತ್ತು. ಮಕ್ಕಳ ಮನೆಗಳಿಂದ ಎರವಲು ತಂದ ಕರಿಕಂಬಳಿಗಳು. ಕುರಿಯ ವಾಸನೆ, ಒಲೆಯ ಹೊಗೆ, ಯಾರದೋ ಅಜ್ಜನ ಬೆವರು ಎಲ್ಲ ಸೇರಿ ಉಸಿರು ಕಟ್ಟುತ್ತಿತ್ತು. ರಾತ್ರಿಯ ಕತ್ತಲೆ ತಾನಾಗಿ ಬರುತ್ತದೆ, ತಾನಾಗಿ ಹೋಗುತ್ತದೆ. ಆ ಮಧ್ಯಾಹ್ನದ ಕತ್ತಲೆಯನ್ನು ನಾವೇ ಕರೆದು ಕೂರಿಸುತ್ತಿದ್ದೆವು. ನನಗೆ ಅದು ಕೊನೆಯವರೆಗೂ ಒಗ್ಗಲಿಲ್ಲ.

ಕರೆಯುತ್ತಿದ್ದವರು ನಮ್ಮ ಹೆಡ್ಮೇಷ್ಟ್ರು. ಪೌರನೀತಿಯ ಪಾಠವನ್ನು ಪುಸ್ತಕದಿಂದ ಮಾಡಿದರೆ ಮಕ್ಕಳು ಆಕಳಿಸುತ್ತಾರೆ, ಸಿನಿಮಾದಿಂದ ಮಾಡಿದರೆ ಕಣ್ಣು ಬಿಡುತ್ತಾರೆ ಎಂಬುದು ಅವರ ಹಟ. ವ್ಯಾನಿನವನು ತಂದದ್ದನ್ನು ಸುಮ್ಮನೆ ತೋರಿಸಿ ಕಳಿಸುವ ಆಸಾಮಿಯೂ ಅಲ್ಲ. ಪ್ರತಿ ಚಿತ್ರವನ್ನೂ ಎರಡು ಸಲ ಓಡಿಸಬೇಕು. ಮೊದಲು ಮಾತಿನೊಂದಿಗೆ, ಆಮೇಲೆ ಮಾತು ನಿಲ್ಲಿಸಿ. ಕರಿಹಲಗೆಯ ನಡುವೆ ಒಂದು ಗೆರೆ ಎಳೆದು, ಒಂದು ಕಡೆ ‘ನೋಡಿದ್ದು’, ಇನ್ನೊಂದು ಕಡೆ ‘ಕೇಳಿದ್ದು’ ಎಂದು ಬರೆಯುತ್ತಿದ್ದರು. “ರೈತ ಸಂತೋಷವಾಗಿದಾನೆ ಅಂತ ಸಿನಿಮಾದೋನು ಹೇಳಿದ. ನೀವು ಅವನ ಮುಖ ನೋಡಿದ್ರಾ? ಕೇಳಿದ್ದನ್ನೇ ನೋಡಿದೆ ಅನ್ನೋಳು ನಾಳೆ ಯಾರು ಏನು ಹೇಳಿದ್ರೂ ನಂಬ್ತಾಳೆ” ಎನ್ನುತ್ತಿದ್ದರು. ವ್ಯಾನಿನವನಿಗೆ ಈ ಉಪದ್ವ್ಯಾಪ ಕಂಡರೆ ಆಗುತ್ತಿರಲಿಲ್ಲ. ಚನ್ನರಾಯಪಟ್ಟಣದಲ್ಲಿ ಒಂದೇ ಸಲ ತೋರಿಸಿ ಊಟ ಹಾಕಿಸಿಕೊಂಡು ಬಂದೆ ಎಂದು ಗೊಣಗುತ್ತಿದ್ದ.

ಆ ಸಲದ ಚಿತ್ರ ಪ್ಲೇಗಿನ ಸೂಜಿಯದು. ನಮ್ಮ ಸೀಮೆಯಲ್ಲೇ ತೆಗೆದದ್ದು ಎಂದು ಮಕ್ಕಳಿಗೆ ಹಿಗ್ಗೋ ಹಿಗ್ಗು. ಮೊದಲ ಸಲ ಓಡಿದಾಗ ಗಂಡುದನಿಯೊಂದು ಗಟ್ಟಿಯಾಗಿ ಎಲ್ಲವನ್ನೂ ವಿವರಿಸಿತು: ಹಳ್ಳಿಯ ಹೆಂಗಸರು ಹೇಗೆ ಧೈರ್ಯದಿಂದ ನಗುನಗುತ್ತ ಬಂದು ಸೂಜಿ ಹಾಕಿಸಿಕೊಂಡರು ಅಂತ. ನಮಗೂ ಅವರು ನಗುತ್ತಿದ್ದಂತೆಯೇ ಕಂಡಿತು.

ಎರಡನೆಯ ಸಲ ಮಾತು ನಿಂತಿತು. ಯಂತ್ರದ ಕರಕರ ಸದ್ದೊಂದು ಬಿಟ್ಟರೆ ಏನೂ ಇಲ್ಲ. ಅದೇ ಹೆಂಗಸರು, ಅದೇ ಸಾಲು. ಒಬ್ಬಳೂ ನಗುತ್ತಿರಲಿಲ್ಲ. ಸಾಲಿನಲ್ಲಿ ತಲೆಯ ಮೇಲೆ ಸೆರಗು ಹೊದ್ದವಳೊಬ್ಬಳು ಕತ್ತಿನ ಹತ್ತಿರ ಏನನ್ನೋ ಮುಷ್ಟಿಯಲ್ಲಿ ಹಿಡಿದುಕೊಂಡು ನೇರ ನಮ್ಮನ್ನೇ ನೋಡುತ್ತಿದ್ದಳು. ತುಟಿ ಅಲುಗುತ್ತಿತ್ತು. ಮೊದಲ ಸಲ ಅವಳು ಕಣ್ಣಿಗೇ ಬಿದ್ದಿರಲಿಲ್ಲ.

“ನನ್ ಮಗಳು!” ಎಂದು ಬಾಗಿಲ ಹತ್ತಿರದಿಂದ ಕೂಗು ಬಂತು.

ಕೂಗಿದವಳು ನೀರಿನವ್ವ. ಶಾಲೆಯಲ್ಲಿ ನೀರು ಹೊಯ್ಯುವ ವಿಧವೆ. ಬೊಗಸೆಯೊಡ್ಡಿದ ಮಕ್ಕಳಿಗೆ ಚೊಂಬೆತ್ತಿ ಮೇಲಿನಿಂದ ಹೊಯ್ಯುತ್ತಿದ್ದಳು. ಅವಳಿಗೆ ಇದ್ದ ಒಬ್ಬಳೇ ಮಗಳನ್ನು ಕೊರವಂಗಲದಾಚೆಯ ಒಂದು ಹಳ್ಳಿಗೆ ಕೊಟ್ಟಿತ್ತು. ಅಲ್ಲಿ ಇಲಿ ಬಿದ್ದು, ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಾಗ ಮಗಳು ತೀರಿಕೊಂಡಳೆಂದು ಸುದ್ದಿ ಬಂತು. ಮಣ್ಣು ಮಾಡಿಯಾದ ಮೇಲೆ ಬಂದ ಸುದ್ದಿ. ಮುಖ ನೋಡಲಿಲ್ಲ, ಬಾಯಿಗೆ ನೀರು ಬಿಡಲಿಲ್ಲ. ಊರಿಗೆಲ್ಲ ನೀರು ಕೊಡುವ ತನ್ನ ಮಗಳೇ ನೀರಿಲ್ಲದೆ ಹೋದಳೆಂಬ ಸಂಕಟ ಅವಳನ್ನು ತಿನ್ನುತ್ತಿತ್ತು.

“ಅವ್ಳುಟ್ಟಿರೋ ಸ್ಯಾಲೆಗೆ ತ್ಯಾಪೆ ಆಕ್ದೋಳು ನಾನೇ ಕಣ್ರವ್ವ! ನೋಡ್ರಿ, ಚೌಕ್ಳಿ ತ್ಯಾಪೆ! ನೀರು ನೀರು ಅಂತವ್ಳೆ!” ಎನ್ನುತ್ತ ಮಕ್ಕಳನ್ನು ದಾಟಿಕೊಂಡು ಓಡಿಬಂದಳು. ತಡೆಯಬೇಕೆಂದು ನನಗೆ ಹೊಳೆಯುವುದರೊಳಗೆ ಕೈಯಲ್ಲಿದ್ದ ಚೊಂಬಿನ ನೀರನ್ನು ಪರದೆಯ ಮೇಲೆ, ಆ ತುಟಿಗಳ ಮೇಲೆ ಎರಚಿಬಿಟ್ಟಳು.

ಪರದೆ ಎಂದರೆ ಒಂದು ಬಿಳಿ ಪಂಚೆ. ನೀರು ಬಿದ್ದ ಕಡೆ ಬಟ್ಟೆ ತೆಳುವಾಗಿ ಬೆಳಕು ಹಾದುಹೋಯಿತು. ಪಂಚೆಯ ಹಿಂದಿನ ಸುಣ್ಣದ ಗೋಡೆಯ ಮೇಲೆ ಅದೇ ಮುಖ, ಕಣ್ಣು, ಅಲುಗುವ ತುಟಿ. ಇತ್ತ ಒಬ್ಬಳು, ಗೋಡೆಯಲ್ಲಿ ಇನ್ನೊಬ್ಬಳು. ಬದಿಯಲ್ಲಿ ಕುಳಿತಿದ್ದ ಹುಡುಗಿಯರು ಕಿಟಾರನೆ ಕಿರುಚಿದರು. ನಾನೇ ಹೋಗಿ ಕಂಬಳಿ ಕಿತ್ತೆ. ಬಿಸಿಲು ನುಗ್ಗಿ ಎರಡೂ ಮುಖ ಮಾಯವಾದವು.

ಹೆಡ್ಮೇಷ್ಟ್ರು ವ್ಯಾನಿನವನನ್ನು ಕೇಳಿದರು, “ಇದನ್ನ ಯಾವಾಗ ತೆಗೆದದ್ದಯ್ಯ?”

“ಈಚೆಗೆ ಸಾ. ಓದ ಸುಗ್ಗಿ ಆದ್ಮೇಲೆ. ನಾನೇ ಜೊತೇಲಿದ್ದೆ.”

ಮಗಳು ಸತ್ತದ್ದು ಅದಕ್ಕೂ ಹಿಂದಿನ ವರ್ಷ. ಆಗ ಮುಂದಿನ ಸಾಲಿನ ಹುಡುಗಿಯೊಬ್ಬಳು, ಪಾಠ ಒಪ್ಪಿಸುವವಳಂತೆ ಎದ್ದು ನಿಂತು, “ನೀರಿನವ್ವ, ಮಗಳು ಸತ್ತದ್ದು ನೋಡಿದ್ದೋ, ಕೇಳಿದ್ದೋ?” ಎಂದಳು.

ಹೆಡ್ಮೇಷ್ಟ್ರು ಕರಿಹಲಗೆಯ ಕಡೆ ತಿರುಗಿಕೊಂಡರು. ಕಲಿಸಿದವರು ಅವರೇ, ಗದರಿಸುವುದು ಹೇಗೆ?

“ಕೇಳ್ದೆ ಕಣವ್ವ. ನೋಡ್ನಿಲ್ಲ” ಎಂದು ನೀರಿನವ್ವ ಕುಸಿದು ಕೂತಳು. ಆಮೇಲೆ ನನ್ನ ಸೆರಗು ಹಿಡಿದು ಸಣ್ಣ ದನಿಯಲ್ಲಿ ಕೇಳಿದಳು, “ಪಿತೃಪಕ್ಷದಾಗೆ ಸ್ಯಾಲೆ ಮಡಗಿ ಎಡೆ ಇಕ್ಕಿವ್ನಿ ಅಮ್ಮೋರೆ. ಬದುಕಿರೋಳ್ಗೆ ಎಡೆ ಇಕ್ಬುಟ್ನಾ?”

ಆ ವಾರವೆಲ್ಲ ಅವಳು ಅನ್ನ ಮುಟ್ಟಲಿಲ್ಲ. ಭಾನುವಾರ ನಾನೇ ಅವಳನ್ನು ಮಗಳ ಊರಿಗೆ ಕರೆದುಕೊಂಡು ಹೊರಟೆ. ಹಾಸನದವರೆಗೆ ರೈಲು, ಅಲ್ಲಿಂದ ಎತ್ತಿನ ಗಾಡಿ. ದಾರಿಯುದ್ದಕ್ಕೂ ಅವಳು ಚೊಂಬನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಬಿಟ್ಟು ಹೋದ ಗುಡಿಸಲುಗಳ ಕಂಬಗಳು ಹೊಲಗಳಲ್ಲಿ ಇನ್ನೂ ನಿಂತಿದ್ದವು. ಅವುಗಳನ್ನು ನೋಡಬಾರದೆಂದುಕೊಂಡರೂ ನಾನು ನೋಡುತ್ತಲೇ ಇದ್ದೆ.

ಬೀಗರ ಮನೆಯ ಅಂಗಳದಲ್ಲಿ ಚಿತ್ರದಲ್ಲಿದ್ದವಳು ಬೆನ್ನು ತಿರುಗಿಸಿಕೊಂಡು ರಾಗಿ ಕೇರುತ್ತಿದ್ದಳು. ಅದೇ ಸೀರೆ, ಸೆರಗಿನ ತುದಿಗೆ ಚೌಕುಳಿ ತೇಪೆ. ಅವಳು ತಿರುಗಿದಳು.

ಮಗಳಲ್ಲ. ನೀರಿನವ್ವನ ಗಂಟಲಿನಿಂದ ಹೊರಟ ಸದ್ದಿನಲ್ಲೇ ನನಗದು ತಿಳಿಯಿತು.

“ಅವ್ವಾ, ಬಂದ್ಯಾ?” ಎಂದಳು ಆ ಹುಡುಗಿ, ಬಹಳ ದಿನದಿಂದ ಕಾದವಳಂತೆ. ಅಳಿಯ ಆಮೇಲೆ ಕಟ್ಟಿಕೊಂಡ ಎರಡನೆಯ ಹೆಂಡತಿ ಅವಳು, ಹೋದವಳ ಸೀರೆಯೂ ಅವಳ ಪಾಲಿಗೆ ಬಂದಿತ್ತು. ಸತ್ತ ಮೊದಲ ಹೆಂಡತಿಯ ತೌರೇ ಅವಳಿಗೂ ತೌರು, ಅದು ಅಲ್ಲಿಯ ಪದ್ಧತಿ. ಅವಳ ಕತ್ತಿನಲ್ಲಿ ತಾಳಿಯ ಪಕ್ಕ ಒಂದು ಬೆಳ್ಳಿಯ ಬಿಲ್ಲೆ ಇತ್ತು, ಅದರ ಮೇಲೆ ಒಂದು ಹೆಣ್ಣಿನ ಅಚ್ಚು. ಹೋದವಳು ಕಾಡದಿರಲಿ ಎಂದು ಹಿಂದೆ ಬಂದವಳಿಗೆ ಕಟ್ಟುವ ಬಿಲ್ಲೆ ಅದು. ಚಿತ್ರದಲ್ಲಿ ಅವಳು ಮುಷ್ಟಿಯಲ್ಲಿ ಹಿಡಿದಿದ್ದದ್ದು ಇದನ್ನೇ.

“ಅವತ್ತು ಆ ಪಟ ತೆಗೆಯೋ ಮಿಸನ್ನಿನ ಮುಂದೆ ಏನಂತಿದ್ದೆ ಮಗಾ?” ಎಂದು ನೀರಿನವ್ವ ಕೇಳಿದಳು.

ಹುಡುಗಿ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. “ಅಕ್ಕನ್ನ ಮುಟ್ಕಂಡು ಬೇಡ್ಕತಿದ್ದೆ ಕಣವ್ವ. ನೀರು ಕುಡಿಸ್ತೀನಿ, ನನ್ ಬುಟ್ಬುಡಕ್ಕಾ ಅಂತ. ದಿನಾ ಕನಸ್ನಾಗೆ ಬತ್ತಾಳೆ. ನೀರು ಅಂತಾಳೆ. ಎದ್ರೆ ನನ್ ಬಾಯೇ ಒಣಗಿರ್ತದೆ, ಎಷ್ಟು ಕುಡುದ್ರೂ ಓಗಲ್ಲ. ಗುಡ್ಲಾಗೆ ಒಬ್ಳೇ ಬಿದ್ಕಂಡು ನೀರು ನೀರು ಅಂತ ಕೂಗ್ತಿದ್ಲಂತೆ. ಎದ್ರಕಂಡು ಯಾರೂ ಅತ್ರ ಓಗ್ನಿಲ್ವಂತೆ.”

ನನಗೆ ಆ ಮನೆಯವರ ಮೇಲೆ ಸಿಟ್ಟು ಬಂತು. ನೀರಿನವ್ವ ಮಾತ್ರ ಅಳಲಿಲ್ಲ. ಹಿತ್ತಿಲ ಬಾವಿಗೆ ಹೋಗಿ ಚೊಂಬು ತುಂಬಿಸಿಕೊಂಡು ಬಂದಳು. “ಬೊಗಸೆ ಒಡ್ಡು” ಎಂದಳು.

ಹುಡುಗಿ ಕೂತು ಬೊಗಸೆ ಒಡ್ಡಿದಳು. ನೀರಿನವ್ವ ಶಾಲೆಯಲ್ಲಿ ಹೊಯ್ಯುವಂತೆಯೇ ಸಣ್ಣ ಧಾರೆಯಾಗಿ ಹೊಯ್ದಳು. ಚೊಂಬು ಬರಿದಾಯಿತು. ಮತ್ತೆ ತುಂಬಿಸಿ ತಂದಳು. ಹುಡುಗಿ ಕಣ್ಣು ಮುಚ್ಚಿ ಗಟಗಟನೆ ಕುಡಿಯುತ್ತಲೇ ಇದ್ದಳು. ಒಬ್ಬಳ ಹೊಟ್ಟೆ ಹಿಡಿಯುವಷ್ಟು ನೀರಲ್ಲ ಅದು. ಗಲ್ಲದಿಂದ ಇಳಿದ ನೀರು ಬಿಲ್ಲೆಯ ಮೇಲೆ ಹರಿಯುತ್ತಿತ್ತು. ಕೊನೆಗೆ ತಲೆ ಅಲ್ಲಾಡಿಸಿ ಸಾಕೆಂದಳು. ಆಗಷ್ಟೇ ನೀರಿನವ್ವ ಅತ್ತಳು.

ಸೋಮವಾರ ಹೆಡ್ಮೇಷ್ಟ್ರು ನನಗಾಗಿ ಕರಿಹಲಗೆಯ ಮುಂದೆ ಕಾಯುತ್ತಿದ್ದರು. ಅಳಿಸದೆ ಬಿಟ್ಟಿದ್ದ ಗೆರೆ ಹಾಗೆಯೇ ಇತ್ತು. “ಮಗಳು ಬದುಕಿದಾಳಾ?” ಎಂದರು.

“ಇಲ್ಲ ಸಾರ್. ಸತ್ತಳು ಅಂತಲೇ ಅಲ್ಲೂ ಕೇಳಿದೆವು.”

“ಮತ್ತೆ ನೋಡಿದ್ದೇನು?”

ಹೊರಗೆ ನೀರಿನವ್ವ ಯಾವುದೋ ಮಗುವಿನ ಬೊಗಸೆಗೆ ನೀರು ಹೊಯ್ಯುತ್ತಿದ್ದ ಸದ್ದು ಕೇಳುತ್ತಿತ್ತು.

“ತಾಯಿ ಮಗಳಿಗೆ ನೀರು ಕುಡಿಸಿದ್ದನ್ನ ನೋಡಿದೆ ಸಾರ್” ಎಂದೆ.