ಹೆಪ್ಪಿನ ಬಟ್ಟಲು

ಇವತ್ತು ಪಾತ್ರೆ ತೊಳೆಯುವಾಗ ಕಂಠ ಸೊಟ್ಟಗಾದ ಆ ಸ್ಟೀಲಿನ ಬಟ್ಟಲು ಕೈಗೆ ಬಂತು. ಎಷ್ಟು ತಿಕ್ಕಿದರೂ ಹುಳಿಮೊಸರಿನ ವಾಸನೆ ಹೋಗಿಲ್ಲ... ಇಲ್ಲವೇ ನನಗೇ ಹಾಗನಿಸುತ್ತದೋ ಏನೋ. ಅದು ನಮ್ಮ ಓಣಿಯ ಆಶಾ ಕಾರ್ಯಕರ್ತೆಯದು. ನಾನು ಆಕೆಯನ್ನು ಅಕ್ಕ ಎನ್ನುತ್ತಿದ್ದೆ.

ಕೊಣ್ಣೂರಿಗೆ ಸೊಸೆಯಾಗಿ ಬಂದು ಆರು ವರ್ಷವಾದರೂ ನನಗೆ ಮಕ್ಕಳಾಗಿರಲಿಲ್ಲ. ಹರಕೆ ಹೊತ್ತದ್ದಾಯಿತು, ಹುಕ್ಕೇರಿ ಕಡೆಯ ಬೇರಿನ ಔಷಧಿ ಕುಡಿದದ್ದಾಯಿತು. ಕೊನೆಗೆ ಗೋಕಾಕದ ಡಾಕ್ಟರಮ್ಮ ತಪಾಸಣೆ ಮಾಡಿ, ಗರ್ಭಚೀಲಕ್ಕೆ ಟಿಬಿ ತಗುಲಿದೆ ಎಂದರು. ಒಂದು ದಿನವೂ ಕೆಮ್ಮದ ನನಗೆ ಟಿಬಿ! ಆರು ತಿಂಗಳು ದಿನಾ ಗುಳಿಗೆ ನುಂಗಬೇಕಿತ್ತು. ಆ ಹೆಸರು ಕಿವಿಗೆ ಬಿದ್ದರೆ ಅತ್ತೆ ನನ್ನನ್ನು ಹತ್ತರಗಿಯ ತವರಿಗೆ ಅಟ್ಟುತ್ತಾರೆಂದು ಹೆದರಿ, ಗುಳಿಗೆ ನುಂಗಿಸುವ ಹೊಣೆ ಹೊತ್ತಿದ್ದ ಅಕ್ಕನಿಗೆ ಗುಳಿಗೆಯೇ ಬೇಡ ಎಂದೆ.

"ಗುಳಗಿ ನನ್ನ ಹಂತೇಕ ಇರ್ಲಿ ತಂಗಿ. ದಿನಾ ಮುಂಜಾನೆ ನಾನ ತರ್ತೇನಿ," ಎಂದಳು ಅಕ್ಕ.

ಮರುದಿನದಿಂದ ಹೆಪ್ಪು ಕೇಳುವ ನೆಪದಲ್ಲಿ ಬಟ್ಟಲು ಹಿಡಿದು ಬರತೊಡಗಿದಳು. ಗುಳಿಗೆ ಬಟ್ಟಲಲ್ಲೇ ಇರುತ್ತಿತ್ತು. ನಾನು ನುಂಗುವವರೆಗೂ ಅಕ್ಕ ಅಡುಗೆಮನೆಯಿಂದ ಕದಲುತ್ತಿರಲಿಲ್ಲ. "ಈಕಿ ಮನ್ಯಾಗ ಎಮ್ಮಿ ಎರಡ, ಹೆಪ್ಪ ಮಾತ್ರ ನಮ್ಮದು!" ಎಂದು ಅತ್ತೆ ನಗುತ್ತಿದ್ದರು. ಮೂರನೇ ತಿಂಗಳು ಮೈ ಹಗುರಾಯಿತೆಂದು ನಾನು ಸಾಕು ಎಂದಾಗ ಅಕ್ಕನಿಗೆ ಸಿಟ್ಟು ಬಂತು.

"ಅರ್ಧಾಕ್ಕ ಬಿಟ್ರ ಬ್ಯಾನಿ ಹೊಳ್ಳಿ ಬರ್ತೈತಿ. ಕೂಸಿನ ಖಾತ್ರಿ ನಾ ಕೊಡೂದಿಲ್ಲ. ನೀ ಅರಾಮ ಆಗ್ತಿ, ಅದು ಖರೆ."

ಸುಳ್ಳು ಭರವಸೆ ಕೊಡಲಿಲ್ಲವಲ್ಲ, ಅದಕ್ಕೇ ಆಕೆಯನ್ನು ನಂಬಿದೆ.

ಕೊನೆಯ ಗುಳಿಗೆ ನುಂಗಿಸಿದ ದಿನ ಅಕ್ಕ ಅತ್ತೆಗೆ, "ನಾಳಿಂದ ಹೆಪ್ಪು ಬ್ಯಾಡ್ರಿ ಆಯಿ," ಎಂದಳು. ರೊಟ್ಟಿ ಬಡಿಯುತ್ತಿದ್ದ ಅತ್ತೆ ತಲೆ ಎತ್ತಲಿಲ್ಲ.

"ಯಾಕವಾ, ಗುಳಗಿ ಮುಗದೂವೇನು?"

ಅಕ್ಕ ಬಟ್ಟಲನ್ನು ಸೆರಗಿನಡಿ ಮುಚ್ಚಿಕೊಂಡಳು.

"ಮೊದಲನೇ ವಾರನ ಬಟ್ಟಲದಾಗ ಕಂಡಿದ್ದೆ. ಸೊಸಿ ಹೆದರ್ಯಾಳಂತ ಸುಮ್ನಿದ್ದೆ," ಎಂದರು ಅತ್ತೆ. ನನಗೆ ಅಳು ತಡೆಯಲಾಗಲಿಲ್ಲ. ಆರು ತಿಂಗಳು ಹೆದರಿದ್ದೆಲ್ಲ ದಂಡವಾಗಿತ್ತು.

ಎರಡು ವರ್ಷದ ಮೇಲೆ ಬಸುರಿಯಾದೆ. ಏಳನೇ ತಿಂಗಳ ಕುಬಸದ ದಿನ ಅತ್ತೆ ಮೊದಲ ಉಡಿಯನ್ನು ಅಕ್ಕನ ಕೈಯಿಂದಲೇ ತುಂಬಿಸಿದರು. ಅಕ್ಕಿ, ಕೊಬ್ಬರಿ ಆಕೆ ತಂದದ್ದು ಇದೇ ಬಟ್ಟಲಲ್ಲಿ. ಅಂದಿನಿಂದ ಅದು ನಮ್ಮಲ್ಲೇ ಉಳಿಯಿತು.

ಅಕ್ಕ ತೀರಿಕೊಂಡು ವರ್ಷವಾಯಿತು. ಬೆಳಿಗ್ಗೆ ಬಾಗಿಲು ಸದ್ದಾದರೆ ಈಗಲೂ ತಿರುಗಿ ನೋಡುತ್ತೇನೆ...

"ಯವ್ವಾ, ಇದು ಯಾರ ಬಟ್ಟಲಾ?" ಸಾಲಿಗೆ ಹೊರಟಿದ್ದ ಮಗಳು ಕೇಳಿದಳು.

"ನಿಮ್ಮ ದೊಡ್ಡವ್ವಂದು," ಎಂದೆ.