ಬಿಗಿದ ಬಾಯಿಗಳ ಎದುರು ಕೂರುವ ನೆದ್ಯಲ್ಕಾ

ಡಾನ್ಯೂಬ್ ನದಿಯ ಮೇಲಿನ ಮಂಜು ಇನ್ನೂ ಕರಗಿಲ್ಲ. ರೂಸೆ ಪಟ್ಟಣದ ದವಡೆ ಚಿಕಿತ್ಸಾಲಯದಲ್ಲಿ ಒಂದೇ ಒಂದು ಕೋಣೆಯ ದೀಪ ಹೊತ್ತಿಕೊಂಡಿದೆ. ಸಹಾಯಕಿ ನೆದ್ಯಲ್ಕಾ ತೊಳೆದಿಟ್ಟ ಸಾಧನಗಳನ್ನು ಬಿಳಿ ಬಟ್ಟೆಯ ಮೇಲೆ ಹರಡುತ್ತಿದ್ದಾರೆ. ಹಲ್ಲುಗಳ ನಡುವೆ ಕೂರುವ ಎರಡು ಮೆತ್ತನೆಯ ಪಟ್ಟಿ, ಅದಕ್ಕೊಂದು ಹಿಡಿ. ಹಿಡಿ ಅದುಮಿದರೆ ಪಟ್ಟಿಗಳು ನಿಧಾನವಾಗಿ ದೂರ ಸರಿಯುತ್ತವೆ, ಬಿಗಿದ ಬಾಯಿ ಕೊಂಚವೇ ತೆರೆದುಕೊಳ್ಳುತ್ತದೆ. ಒಂದೊಂದನ್ನೂ ಅವರು ಅದುಮಿ ನೋಡುತ್ತಾರೆ.

"ಗಡುಸಾಗಿದ್ರೆ ಮೊದ್ಲು ನನ್ ಕೈಗೆ ಗೊತ್ತಾಗ್ಲಿ. ಬರೋ ರೋಗಿಗಳು ಪಾಪ, ಆಗ್ಲೇ ನೊಂದಿರ್ತಾರೆ."

ನೆದ್ಯಲ್ಕಾ ಮೊದಲು ಹೊಲಿಗೆ ಕಾರ್ಖಾನೆಯಲ್ಲಿದ್ದವರು. ಗುಂಡುಸೂಜಿ ಹಲ್ಲಲ್ಲಿ ಕಚ್ಚಿಕೊಂಡು, ದಾರ ಹಲ್ಲಲ್ಲೇ ಕಡಿದು ಪ್ರಾಯ ಕಳೆಯಿತು. ಗಂಡ ತೀರಿಕೊಂಡ ಚಳಿಗಾಲದಲ್ಲಿ ನಿದ್ದೆಯಲ್ಲೂ ಹಲ್ಲು ಕಚ್ಚುತ್ತಿದ್ದರಂತೆ. ಒಂದು ಬೆಳಿಗ್ಗೆ ದವಡೆಯ ಕೀಲು ಹಿಡಿದುಕೊಂಡಿತು, ಚಮಚೆ ಕೂಡ ಬಾಯೊಳಗೆ ಹೋಗದಾಯಿತು. ಇದೇ ಕೋಣೆಗೆ ರೋಗಿಯಾಗಿ ಬಂದವರು ಇಲ್ಲೇ ಕೆಲಸಕ್ಕೆ ನಿಂತರು. ಈಗ ದಿನಕ್ಕೆ ಹತ್ತು ಹನ್ನೆರಡು ಮಂದಿಯ ಕೆನ್ನೆಗೆ ಶಾಖ ಕೊಡುತ್ತಾರೆ, ವೈದ್ಯೆ ಹೇಳಿದ ವ್ಯಾಯಾಮ ಮಾಡಿಸುತ್ತಾರೆ, ಸುರಿಯುವ ಜೊಲ್ಲು ಒರೆಸುತ್ತಾರೆ.

ಆ ಜೊಲ್ಲು ಸುರಿದೀತೆಂದೇ ನಾಚಿ ಹೆದರಿದವನು ಎವ್ತಿಮ್. ಸಂತೆಯಲ್ಲಿ ಮೀನು ಮಾರುವವನು, ಕೂಗಿದರೆ ನದಿ ದಂಡೆಯವರೆಗೂ ಕೇಳಬೇಕು. ದೋಣಿಯಲ್ಲಿ ಜಾರಿ ಬಿದ್ದು ದವಡೆಗೆ ಪೆಟ್ಟಾದ ಮೇಲೆ ಬಾಯಿ ಒಂದು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ. ಅಂಗಡಿ ಹೆಂಡತಿಯ ಪಾಲಿಗೆ, ಅವನ ಪಾಲಿಗೆ ಬರೀ ತಿಳಿಸಾರು. ಮೊದಲ ದಿನವೇ ಅವನು ಸಾಧನವನ್ನು ಮೇಜಿನ ಮೇಲೆ ಕುಕ್ಕಿದ.

"ಕಡಿವಾಣ ಹಾಕ್ತೀಯೇನಕ್ಕಾ? ನಾನೇನು ಕುದುರೆನಾ?" ಎಂದ, ಹಲ್ಲುಗಳ ಸಂದಿಯಿಂದಲೇ.

"ಕುದುರೆ ಆಗಿದ್ರೆ ಇಷ್ಟೊತ್ತಿಗೆ ಹೇಳಿದ್ ಮಾತು ಕೇಳಿರೋದು."

ಹಾಗೆಂದವರೇ ನೆದ್ಯಲ್ಕಾ ತಮ್ಮದೇ ಸಾಧನ ತಂದು ಬಾಯಿಗಿಟ್ಟುಕೊಂಡು ಅವನ ಎದುರು ಕೂತರು. ಹಿಡಿ ಅದುಮಿದರು. ಜೊಲ್ಲು ಗದ್ದದ ಮೇಲಿಳಿದು ಅಂಗಿಯ ಮೇಲೆ ತೊಟ್ಟಿಕ್ಕಿತು. ಅವರು ಒರೆಸಿಕೊಳ್ಳಲಿಲ್ಲ, ಅವನನ್ನೇ ನೋಡುತ್ತಾ ಕೂತರು. ಎವ್ತಿಮ್ ಮೂಗಿನಲ್ಲೇ ನಕ್ಕ. ಆಮೇಲೆ ಅವನ ಕಣ್ಣು ತುಂಬಿತು. ತನ್ನದನ್ನು ಕೈಗೆತ್ತಿಕೊಂಡ.

ಆ ಚಳಿಗಾಲವಿಡೀ ಇಬ್ಬರೂ ಎದುರುಬದುರು ಕೂತರು. ನೋವು ಹೆಚ್ಚಾದ ದಿನ ಅವರೇ ಅವನ ಕೈ ಹಿಡಿದು ನಿಲ್ಲಿಸುತ್ತಿದ್ದರು. "ಇವತ್ತಿಗೆ ಸಾಕಪ್ಪಾ. ಬಾಯಿ ಹಟ ಮಾಡುತ್ತೆ, ನಾವು ಮಾಡ್ಬಾರ್ದು."

ಚೆರ್ರಿ ಮರಗಳು ಹೂಬಿಟ್ಟ ವಾರ ನೆದ್ಯಲ್ಕಾ ಸಂತೆಗೆ ಹೋಗಿದ್ದಾರೆ. ಮೊಸರಿನ ಸಾಲಿನಲ್ಲಿ ನಿಂತಿರುವಾಗ ಹಿಂದಿನಿಂದ ಕೂಗೊಂದು ಎದ್ದಿದೆ: "ಮೀನೂ! ಬದುಕಿರೋ ಮೀನೂ!" ಒಡಕು ದನಿ, ಆದರೆ ಪೂರ್ತಿ ತೆರೆದ ಬಾಯಿಯದು. ಅವರು ಅಲ್ಲೇ ಚೀಲ ಕೆಳಗಿಟ್ಟು ಕೇಳಿಸಿಕೊಂಡರಂತೆ.

"ಹತ್ರ ಹೋಗ್ಲಿಲ್ಲ," ಎನ್ನುತ್ತಾರೆ. "ಹೋದ್ರೆ ಮೀನು ಪುಕ್ಸಟ್ಟೆ ಕೊಟ್ಬಿಡ್ತಿದ್ದ. ಅವನ ಹೆಂಡ್ತಿ ನನ್ನ ಬಿಡ್ತಿದ್ಳಾ?"

ಅವರ ಸ್ವಂತ ದವಡೆ ಇಂದಿಗೂ ಪೂರ್ತಿ ಸಡಿಲವಾಗಿಲ್ಲ. ಆಸೆ ಏನೆಂದು ಕೇಳಿದರೆ ಕೆನ್ನೆ ನೀವಿಕೊಂಡು ನಾಚುತ್ತಾರೆ.

"ಒಂದು ಸೇಬು. ಹೆಚ್ಚದೆ, ಹಾಗೇ ಕಚ್ಚಿ ತಿನ್ಬೇಕು. ಬಾಯಿ ತೆರೆಯೋದು ಇನ್ ಸ್ವಲ್ಪ ಇದೆ, ಆಗುತ್ತೆ."