ಮೂಲೆಯ ಅಂಕಿ

ನಮ್ಮ ಚಿತ್ತಾಪುರದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಕಪಿಲನಿಗೆ ಗೇಮ್ ಎಂದರೆ ಪರದೆಯ ಮೂಲೆಯ ಅಂಕಿ, ಸೆಕೆಂಡಿಗೆ ಎಷ್ಟು ಚಿತ್ರ ಮೂಡುತ್ತವೆಂಬ ಲೆಕ್ಕ. ಅರವತ್ತಿದ್ದರೆ ಮುಖ ಅರಳುತ್ತದೆ. ಐವತ್ತೆಂಟಕ್ಕಿಳಿದರೆ ಚಹಾ ಬಿಟ್ಟು ಫ್ಯಾನಿನ ಧೂಳು ಊದುತ್ತಾನೆ. “ಸರಾಸರಿ ನಂಬಬ್ಯಾಡ್ರಿ, ಎಲ್ಲಿ ತಡವರಿಸ್ತದ ಅದನ್ನ ನೋಡ್ರಿ,” ಎಂದು ಗಿರಾಕಿಗಳಿಗೆ ಪಾಠ ಹೇಳುತ್ತಾನೆ. ಮಗಳು ಲುಂಬಿನಿ ತಿಂಗಳುಗಟ್ಟಲೆ ಕೂತು ಗೇಮಿನೊಳಗೆ ದೊಡ್ಡ ಮನೆ ಕಟ್ಟಿ, “ಅಪ್ಪಾ, ನೋಡು ಬಾ, ನಿನಗೂ ಒಂದು ಖೋಲಿ ಮಾಡೀನಿ,” ಎಂದು ಕರೆದಳು. “ತಡಿ, ನಲವತ್ತಕ್ಕ ಇಳೀಲಿಕತ್ತದ,” ಎಂದವನೇ, ಅಂಕಿ ಏರಲೆಂದು ಕಂಪ್ಯೂಟರಿನಲ್ಲಿದ್ದುದನ್ನೆಲ್ಲ ಅಳಿಸಿ ಹೊಸದಾಗಿ ಸಾಫ್ಟ್‌ವೇರ್ ಹಾಕಿದ. ಆ ಮನೆಯೂ, ಅದರೊಳಗಿನ ಅಪ್ಪನ ಕೋಣೆಯೂ ಅಳಿಸಿಹೋದವು. ಲುಂಬಿನಿ ಜಗಳವಾಡಲಿಲ್ಲ. ಇಂದಿಗೂ ಊಟಕ್ಕೆ ಕೂತಾಗ ಅವನು ಮೆಲ್ಲಗೆ ಕೇಳುತ್ತಾನೆ: “ನನ್ನ ಖೋಲಿಗಿ ಯಾವ ಬಣ್ಣ ಹಚ್ಚಿದ್ದಿ?” ಅವಳು ತಟ್ಟೆಯಿಂದ ತಲೆಯೆತ್ತದೆ, “ನೆನಪಿಲ್ಲಪ್ಪಾ,” ಎನ್ನುತ್ತಾಳೆ.